ಬಾಗಿಲು ಮುಚ್ಚಬಹುದು, ತೋಳು ಹಿಡಿಯುವಂತಿಲ್ಲ

ವರ್ಷಕ್ಕೊಮ್ಮೆಯಾದರೂ ಈ ಪ್ರಶ್ನೆ ನನ್ನ ಬಳಿಗೆ ಬಂದೇ ಬರುತ್ತದೆ. ಕೇರಳದಲ್ಲಿ ನಿಫಾ ಎಂದು ಟಿ.ವಿ.ಯಲ್ಲಿ ಸುದ್ದಿ ಬಂದರೆ ಮರುದಿನವೇ ಕೇಳುತ್ತಾರೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಂಗನ ಕಾಯಿಲೆ ಕಾಣಿಸಿತು ಅಂದರೆ ಮತ್ತೆ ಕೇಳುತ್ತಾರೆ. ಮೊನ್ನೆ ಹಾನುಬಾಳು ಕಡೆಯ ತೋಟವೊಂದರ ರೈಟರ್ ಸಕಲೇಶಪುರ ಕೋರ್ಟಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. "ಸಾರ್, ನಾಳೆ ಕೊರೊನಾ ತರದ್ದೇ ಇನ್ನೊಂದು ಬಂತು ಅಂತಿಟ್ಕೊಳ್ಳಿ. ಲೈನಿನ ಆಳುಗಳಿಗೆಲ್ಲ ಇಂಜೆಕ್ಷನ್ ಹಾಕಿಸ್ಲೇಬೇಕು ಅಂತ ಕಾನೂನಿದ್ಯಾ? ಒಲ್ಲೆ ಅಂದೋರನ್ನ ಏನ್ ಮಾಡೋದು? ಹದಿನಾಲ್ಕು ದಿನ ಮನೇಲಿ ಕೂರಿಸಿದ್ರೆ ಸಂಬಳ ಯಾರ್ ಕೊಡೋದು?"

ಮೊದಲೆರಡು ಪ್ರಶ್ನೆಗೆ ಅಲ್ಲೇ ನಿಂತು ಉತ್ತರ ಹೇಳಿದೆ. ನಮ್ಮ ದೇಶದಲ್ಲಿ ಇವತ್ತಿನ ಮಟ್ಟಿಗೆ ಸರ್ಕಾರ ನಿಮ್ಮ ರಸ್ತೆ ಮುಚ್ಚಬಹುದು, ಮನೆ ಬಾಗಿಲು ಮುಚ್ಚಿಸಬಹುದು, ನಿಮ್ಮನ್ನು ಹಾಸ್ಟೆಲಿಗೋ ಆಸ್ಪತ್ರೆಗೋ ಕರೆದೊಯ್ದು ಇರಿಸಬಹುದು. ಆದರೆ ನಿಮ್ಮ ತೋಳು ಹಿಡಿದು ಸೂಜಿ ಚುಚ್ಚುವಂತಿಲ್ಲ. ಮೂರನೆಯ ಪ್ರಶ್ನೆಗೆ ಅಲ್ಲಿ ಉತ್ತರ ಹೇಳಲಾಗಲಿಲ್ಲ. ಈ ವಾರದ ಅಂಕಣವನ್ನು ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಈ ಕಾನೂನು ಎಲ್ಲಿಂದ ಬಂತೆಂದು ನೋಡೋಣ.

ಶಿರಾಡಿ ಘಾಟಿ ಇಳಿಯುವ ಮೊದಲು ಮಾರನಹಳ್ಳಿ ಸಿಗುತ್ತದಲ್ಲ, 1956ರ ನವೆಂಬರ್ 1ರವರೆಗೆ ಆ ಸುತ್ತಿನ ಗಡಿ ಬರೀ ಜಿಲ್ಲೆಯ ಗಡಿಯಾಗಿರಲಿಲ್ಲ. ಮೇಲಿನದು ಮೈಸೂರು ಸೀಮೆ, ಕೆಳಗಿನದು ಮದ್ರಾಸಿಗೆ ಸೇರಿದ ಸೌತ್ ಕೆನರಾ. ಘಾಟಿಯ ಮೇಲೊಂದು ಆಡಳಿತ, ಕೆಳಗೊಂದು ಆಡಳಿತ. ಮದ್ರಾಸ್ ಕಡೆಗೆ 1939ರಲ್ಲೇ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದಿತ್ತು. ಮುಂಬಯಿ ಕಡೆಯಿಂದ ಬಂದ ಜಿಲ್ಲೆಗಳದ್ದು ಒಂದು ದಾರಿ, ಹೈದರಾಬಾದ್ ಕಡೆಯವರದ್ದು ಇನ್ನೊಂದು. ರಾಜ್ಯ ಒಂದಾದರೂ ಸಾಂಕ್ರಾಮಿಕ ರೋಗದ ಕಾನೂನು ಮಾತ್ರ ತುಂಡುತುಂಡಾಗಿಯೇ ಉಳಿದಿತ್ತು. ಅವನ್ನೆಲ್ಲ ಒಂದುಗೂಡಿಸುವುದಕ್ಕೆಂದೇ ಬಂದದ್ದು ಕರ್ನಾಟಕ ಸಾಂಕ್ರಾಮಿಕ ರೋಗಗಳ ಅಧಿನಿಯಮ, 2020. ಕೊರೊನಾ ಬಾರದಿದ್ದರೆ ಆ ಕೆಲಸ ಇನ್ನೂ ಹಾಗೇ ಬಿದ್ದಿರುತ್ತಿತ್ತೋ ಏನೋ.

ಇವಕ್ಕೆಲ್ಲ ಮೂಲ 1897ರ ಕಾನೂನು. ಹಿಂದಿನ ವರ್ಷ ಮುಂಬಯಿಗೆ ಪ್ಲೇಗ್ ಬಂದಿತ್ತು. ಗಾಬರಿಗೊಂಡ ಬ್ರಿಟಿಷ್ ಸರ್ಕಾರ ಫೆಬ್ರವರಿಯಲ್ಲಿ ಎಪಿಡೆಮಿಕ್ ಡಿಸೀಸಸ್ ಆ್ಯಕ್ಟ್ ತಂದಿತು. ಒಂದೆರಡು ಪುಟದಲ್ಲಿ ಮುಗಿದುಹೋಗುವಷ್ಟು ಪುಟ್ಟ ಕಾನೂನು ಅದು. ಸರ್ಕಾರ ಏನು ಬೇಕಾದರೂ ಕ್ರಮ ಕೈಗೊಳ್ಳಬಹುದು, ಮೀರಿದವರಿಗೆ ಶಿಕ್ಷೆ, ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಅದರ ತಿರುಳೇ ಇಷ್ಟು. ಅದನ್ನು ಹಿಡಿದುಕೊಂಡು ಪುಣೆಯಲ್ಲಿ ಸಿಪಾಯಿಗಳು ಮನೆಮನೆಗೆ ನುಗ್ಗಿದರು, ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡಿದರು. ಆ ಸಿಟ್ಟಿಗೆ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. 1898ರ ಆಗಸ್ಟಿನಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆ ಎದ್ದರು.

ಆ ದಂಗೆಯ ಕಥೆ ಓದುವಾಗಲೆಲ್ಲ ನನಗೆ ನಮ್ಮಜ್ಜಿ ನೆನಪಾಗುತ್ತಾರೆ. ಅವರು ಆಲೂರು ಸೀಮೆಯವರು, ಚಿಕ್ಕಂದಿನಲ್ಲಿ ಪ್ಲೇಗ್ ಕಂಡವರು. ಯಾರ ಮನೆಯಲ್ಲಾದರೂ ಇಲಿ ಬಿತ್ತು ಅಂದರೆ ಅಮಲ್ದಾರರ ಅಪ್ಪಣೆಗೆ ಯಾರೂ ಕಾಯುತ್ತಿರಲಿಲ್ಲವಂತೆ. ಪಾತ್ರೆಪಡಗ, ಭತ್ತದ ಮೂಟೆ ಹೊತ್ತು, ದನಕರು ಹೊಡೆದುಕೊಂಡು ಊರಾಚೆಯ ಬಯಲಿಗೆ ಹೋಗಿ ಗುಡ್ಲು ಹಾಕಿಕೊಳ್ಳುತ್ತಿದ್ದರು. "ಊರು ಬಿಟ್ಟಿದ್ವಿ" ಎನ್ನುತ್ತಿದ್ದರು ಅಜ್ಜಿ, ಮದುವೆಗೆ ಹೋಗಿಬಂದಷ್ಟು ಸಹಜವಾಗಿ. ಸಿಡುಬು ಬಂದರೆ ಬೇರೆಯೇ ಕಟ್ಟುಪಾಡು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರೆ ಆ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ, ಒಳಗಿನವರು ಹೊರಗೆ ಬರುವಂತಿಲ್ಲ. ಒಗ್ಗರಣೆ ಹಾಕುವಂತಿಲ್ಲ. ಆದರೆ ಆ ಮನೆಯ ಗದ್ದೆಗೆ ನೀರು ಕಟ್ಟುವವರು ಪಕ್ಕದ ಮನೆಯವರು. ಕೊಟ್ಟಿಗೆಯ ದನಕ್ಕೆ ಹುಲ್ಲು ಹಾಕುವವರೂ ಅವರೇ. ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಗಂಜಿಯ ಪಾತ್ರೆ ಇಟ್ಟು, ದೂರ ನಿಂತು ಕೂಗಿ ಹೇಳಿ ಹೋಗುತ್ತಿದ್ದರಂತೆ. ಊರಿನ ಎಲ್ಲ ಕೇರಿಗೂ ಆ ಆಸರೆ ಸಿಕ್ಕಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ, ಜಾತಿಯ ಗೋಡೆ ರೋಗದ ಕಾಲದಲ್ಲಿ ಇನ್ನಷ್ಟು ಎತ್ತರವಾಗುತ್ತದೆ. ಆದರೂ ಆ ರೂಢಿಯಲ್ಲಿ ಒಂದು ನ್ಯಾಯವಿತ್ತು. ಒಳಗಿರು ಎಂದವರು, ಒಳಗಿದ್ದವನ ಗದ್ದೆ ಒಣಗದಂತೆ ನೋಡಿಕೊಳ್ಳುತ್ತಿದ್ದರು. 1897ರ ಕಾನೂನಿನಲ್ಲಿ ಆ ಎರಡನೆಯ ಭಾಗವಿಲ್ಲ. 2020ರ ನಮ್ಮ ಕಾನೂನಿಗೂ ಆ ಮಾತು ಬರಲಿಲ್ಲ.

2020ರ ಕಾನೂನು ಏನು ಹೇಳುತ್ತದೆ ಎಂದು ಸರಳವಾಗಿ ಹೇಳುತ್ತೇನೆ. ವಿಮಾನ, ರೈಲು, ರಸ್ತೆ, ಯಾವುದರಲ್ಲಿ ಬಂದವರನ್ನಾದರೂ ಸರ್ಕಾರ ತಪಾಸಣೆ ಮಾಡಬಹುದು. ಸೋಂಕಿನ ಶಂಕೆ ಇದ್ದವರನ್ನು ಆಸ್ಪತ್ರೆಯಲ್ಲೋ, ತಾತ್ಕಾಲಿಕ ವಸತಿಯಲ್ಲೋ, ಅವರವರ ಮನೆಯಲ್ಲೋ ಇರಿಸಬಹುದು. ರಾಜ್ಯದ ಗಡಿ ಮುಚ್ಚಬಹುದು, ಬಸ್ಸು ನಿಲ್ಲಿಸಬಹುದು, ಜನ ಸೇರುವುದನ್ನು ತಡೆಯಬಹುದು. ಬೆಂಗಳೂರಿನ ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ನಡೆದ ಕೆಲವೇ ದಿನಗಳಲ್ಲಿ, ಏಪ್ರಿಲ್ ತಿಂಗಳಲ್ಲಿ, ಇದು ಮೊದಲು ಸುಗ್ರೀವಾಜ್ಞೆಯಾಗಿ ಹೊರಬಿತ್ತು. ಹಾಗಾಗಿ ಕೆಲಸಕ್ಕೆ ಅಡ್ಡಿಪಡಿಸುವವರಿಗೆ ಕಠಿಣ ಶಿಕ್ಷೆಯೂ ಅದರಲ್ಲಿ ಸೇರಿತು. ಅದು ಬೇಕಾದದ್ದೇ. ಮಳೆಯಲ್ಲಿ ಕೊಡೆ ಹಿಡಿದು, ಜಿಗಣೆ ಕಚ್ಚಿಸಿಕೊಂಡು ಹೆತ್ತೂರು, ಯಸಳೂರು ಕಡೆಯ ಒಂಟಿ ಮನೆಗಳಿಗೆ ಹತ್ತಿ ಇಳಿದ ಆಶಾ ಕಾರ್ಯಕರ್ತೆಯರನ್ನು ಕಣ್ಣಾರೆ ನೋಡಿದವನು ನಾನು. ಅವರ ಮೈಮೇಲೆ ಕೈ ಮಾಡಿದವನಿಗೆ ಶಿಕ್ಷೆ ಆಗಲೇಬೇಕು.

ಆದರೆ ಒಂದು ಮಾತು ಗಮನಿಸಿ. ಈ ಅಧಿಕಾರವೆಲ್ಲ ಸರ್ಕಾರದ್ದು, ಸರ್ಕಾರ ಅಧಿಕಾರ ಕೊಟ್ಟವರದ್ದು. ಊರಿನವರದ್ದಲ್ಲ. 2020ರ ಮಾರ್ಚ್ ಕೊನೆಯಲ್ಲಿ ನಮ್ಮ ಹಳ್ಳಿಗಳಲ್ಲಿ ಏನಾಯಿತು ನೆನಪಿದೆಯಲ್ಲ? ದಾರಿಗೆ ಅಡ್ಡಲಾಗಿ ಸಿಲ್ವರ್ ಓಕ್ ದಿಮ್ಮಿ ಉರುಳಿಸಿದರು, ಮುಳ್ಳು ಹಾಕಿದರು, ಕೆಲವು ಕಡೆ ಕಂದಕವನ್ನೇ ತೋಡಿದರು. ಭಯ ಯಾರಿಗಿರಲಿಲ್ಲ, ನನಗೂ ಇತ್ತು. ಹಾಸನ ಜಿಲ್ಲೆ ಮೇ ತಿಂಗಳವರೆಗೆ ಹಸಿರು ವಲಯದಲ್ಲಿತ್ತು. ಮೇ 12ರಂದು, ಮುಂಬಯಿಯಿಂದ ಚನ್ನರಾಯಪಟ್ಟಣಕ್ಕೆ ಬಂದಿದ್ದ 5 ಮಂದಿಯಲ್ಲಿ ಸೋಂಕು ಗೊತ್ತಾದ ಮೇಲೆ ಆ ಭಯ ದ್ವೇಷದ ಬಣ್ಣಕ್ಕೆ ತಿರುಗಿತು. ಹೊಟ್ಟೆಪಾಡಿಗೆ ಮುಂಬಯಿಗೆ ಹೋಗಿ, ಅಲ್ಲಿ ಅನ್ನವಿಲ್ಲದೆ ತಿರುಗಿ ಬಂದ ಸ್ವಂತ ಊರಿನ ಮಕ್ಕಳನ್ನೇ ಊರಬಾಗಿಲಲ್ಲಿ ತಡೆದರು. ಅವರನ್ನು ಹದಿನಾಲ್ಕು ದಿನ ಶಾಲೆಯಲ್ಲೋ ಹಾಸ್ಟೆಲಿನಲ್ಲೋ ಇರಿಸುವ ಅಧಿಕಾರ ಜಿಲ್ಲಾಡಳಿತಕ್ಕಿತ್ತು. ದಿಮ್ಮಿ ಉರುಳಿಸಿ ತಡೆಯುವ ಅಧಿಕಾರ ಊರಿನ ಯಾವ ಹಿರಿಯನಿಗೂ ಇರಲಿಲ್ಲ. ಮತ್ತೊಮ್ಮೆ ಅಂಥ ಕಾಲ ಬಂದರೆ ಈ ಒಂದು ಮಾತನ್ನಾದರೂ ಪಂಚಾಯಿತಿಯವರು ಮೊದಲ ದಿನವೇ ಡಂಗುರ ಹೊಡೆಸಿ ಹೇಳಬೇಕು.

ಇನ್ನು ಲಸಿಕೆಯ ವಿಷಯ. ಇಲ್ಲಿ ನಮ್ಮ ಕೊಟ್ಟಿಗೆಯಿಂದಲೇ ಶುರು ಮಾಡೋಣ. ನಿಮ್ಮ ಮನೆಯ ಹಸುವಿನ ಕಿವಿಯಲ್ಲಿ ನೇತಾಡುವ ಹಳದಿ ಓಲೆಯನ್ನು ನೋಡಿ. ಕಾಲುಬಾಯಿ ಜ್ವರದ ಲಸಿಕೆಗೂ ಆ ಓಲೆಗೂ ನಂಟಿದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ 2009ರಲ್ಲಿ ಬಂದ ಕೇಂದ್ರದ ಕಾನೂನಿನ ಪ್ರಕಾರ, ಸರ್ಕಾರ ಒಂದು ಪ್ರದೇಶಕ್ಕೆ ಅಧಿಸೂಚನೆ ಹೊರಡಿಸಿದರೆ ಅಲ್ಲಿನ ಜಾನುವಾರುಗಳಿಗೆ ಲಸಿಕೆ ಕಡ್ಡಾಯ, ಹಾಕಿಸುವುದು ಮಾಲೀಕನ ಹೊಣೆ. ಸಾಗಾಟ ನಿಲ್ಲಿಸಬಹುದು, ಜಾತ್ರೆ ನಿಲ್ಲಿಸಬಹುದು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ರಾಜ್ಯದಲ್ಲಿ ದನದ ಜಾತ್ರೆ, ಸಂತೆಗಳನ್ನು ನಿಲ್ಲಿಸಿದ್ದು ನಿಮಗೆ ಗೊತ್ತು. ಹಸುವಿನ ಒಪ್ಪಿಗೆ ಕೇಳುವ ಪ್ರಶ್ನೆ ಬರುವುದಿಲ್ಲ.

ಮನುಷ್ಯನ ವಿಷಯದಲ್ಲಿ ಒಪ್ಪಿಗೆಯೇ ಎಲ್ಲ. ಹಿಂದೆ ಹಾಗಿರಲಿಲ್ಲ. ಸಿಡುಬಿನ ಕಾಲದಲ್ಲಿ, 1880ರ ಕಾನೂನು ಜಾರಿಯಾದ ಪಟ್ಟಣಗಳಲ್ಲಿ ಮಕ್ಕಳಿಗೆ ಲಸಿಕೆ ಕಡ್ಡಾಯವಾಗಿತ್ತು. ಸಿಡುಬೇ ಹೋದ ಮೇಲೆ ಆ ಕಾನೂನು ಅನಾಥವಾಗಿ ಉಳಿದು, 2001ರಲ್ಲಿ ರದ್ದಾಯಿತು. ಪೋಲಿಯೊ ಹನಿಯನ್ನು ನಾವು ಕಾನೂನಿಗೆ ಹೆದರಿ ಹಾಕಿಸಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಅಂಗನವಾಡಿಯಲ್ಲಿ, ತೋಟದ ಗೇಟಿನಲ್ಲಿ ನಿಂತು ಕರೆದರು, ಮಕ್ಕಳನ್ನು ಎತ್ತಿಕೊಂಡು ಹೋದೆವು. 2011ರ ಜನವರಿಯ ನಂತರ ದೇಶದಲ್ಲಿ ಕಾಡುವೈರಸ್ಸಿನ ಪೋಲಿಯೊ ಒಂದೂ ಬರಲಿಲ್ಲ. ಕೊರೊನಾ ಲಸಿಕೆಯೂ ಕಡ್ಡಾಯವಲ್ಲ ಎಂದು ಕೇಂದ್ರ ಸರ್ಕಾರವೇ ಸುಪ್ರೀಂ ಕೋರ್ಟಿನಲ್ಲಿ ಪ್ರಮಾಣಪತ್ರ ಸಲ್ಲಿಸಿತ್ತು. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್ ಮತ್ತು ಬಿ.ಆರ್. ಗವಾಯಿ ಅವರ ಪೀಠ ಮಾತನ್ನು ಸ್ಪಷ್ಟ ಮಾಡಿತು. ಸಂವಿಧಾನದ 21ನೇ ವಿಧಿಯಡಿ ನಮ್ಮ ದೇಹದ ಮೇಲಿನ ಹಕ್ಕು ನಮ್ಮದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಸಮಾಜದ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹಾಕಬಹುದು, ಆದರೆ ಆ ನಿರ್ಬಂಧ ಅಪಾಯದ ಅಳತೆಗೆ ತಕ್ಕಂತಿರಬೇಕು. ಲಸಿಕೆ ಹಾಕಿಸಿಕೊಂಡವರಿಂದಲೂ ಸೋಂಕು ಹರಡುವಾಗ, ಹಾಕಿಸಿಕೊಳ್ಳದವರನ್ನು ಮಾತ್ರ ತಡೆಯುವುದು ಆಗಿನ ಸ್ಥಿತಿಯಲ್ಲಿ ತಕ್ಕ ಕ್ರಮವಲ್ಲ ಎಂದಿತು ಕೋರ್ಟು. ಖಾಸಗಿ ಸಂಸ್ಥೆಗಳೂ ಅಂಥ ಆದೇಶಗಳನ್ನು ಮರುಪರಿಶೀಲಿಸಬೇಕೆಂದು ಸೂಚಿಸಿತು. ರೈಟರ್ ಅವರ ಎರಡನೆಯ ಪ್ರಶ್ನೆಗೆ ಉತ್ತರ ಅದರಲ್ಲಿದೆ.

ವಿನಾಯಿತಿ ಕೇಳುವುದು ಹೇಗೆ ಎಂದೂ ಕೆಲವರು ಕೇಳುತ್ತಾರೆ. ಅದು ಕಡ್ಡಾಯ ಇರುವ ದೇಶಗಳ ಪ್ರಶ್ನೆ. ಇಂಗ್ಲೆಂಡಿನಲ್ಲಿ 1853ರಿಂದ ಮಕ್ಕಳಿಗೆ ಸಿಡುಬಿನ ಲಸಿಕೆ ಕಡ್ಡಾಯವಾಗಿತ್ತು. ಜನರ ವಿರೋಧ ತಡೆಯಲಾರದೆ 1898ರಲ್ಲಿ, ಮನಸ್ಸಾಕ್ಷಿ ಒಪ್ಪದ ತಂದೆತಾಯಿಗೆ ವಿನಾಯಿತಿ ಕೊಟ್ಟರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹೆನಿಂಗ್ ಜೇಕಬ್ಸನ್ ಎಂಬ ಪಾದ್ರಿ ಲಸಿಕೆ ಒಲ್ಲೆ ಎಂದು ಸುಪ್ರೀಂ ಕೋರ್ಟಿನವರೆಗೆ ಹೋಗಿ 1905ರಲ್ಲಿ ಸೋತರು. ಸೋತದ್ದಕ್ಕೆ ಬಿದ್ದ ಹೊರೆ 5 ಡಾಲರ್ ದಂಡ, ಸೂಜಿಯಲ್ಲ. ಅಲ್ಲಿನ ರಾಜ್ಯಗಳಲ್ಲಿ ಇವತ್ತಿಗೂ ಶಾಲೆಗೆ ಸೇರಲು ಲಸಿಕೆ ಬೇಕು, ವೈದ್ಯರ ಚೀಟಿ ಇದ್ದರೆ ವಿನಾಯಿತಿ ಇದೆ, ಧರ್ಮದ ಕಾರಣಕ್ಕೆ ಕೊಡುವುದು ಬಿಡುವುದು ರಾಜ್ಯಕ್ಕೊಂದು ತರ. ನಮ್ಮಲ್ಲಿ ಕಡ್ಡಾಯವೇ ಇಲ್ಲದ ಮೇಲೆ ವಿನಾಯಿತಿಯ ಅರ್ಜಿಯ ಅಗತ್ಯವೂ ಇಲ್ಲ. ಹಿಂದೆ ಯಾವುದಾದರೂ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ, ಅಷ್ಟೇ.

ಹಾಗೆಂದು ಒತ್ತಾಯವೇ ಇರಲಿಲ್ಲ ಎಂದಲ್ಲ. 2021ರ ಡಿಸೆಂಬರಿನಲ್ಲಿ ಓಮಿಕ್ರಾನ್ ಬಂದಾಗ ನಮ್ಮ ರಾಜ್ಯದಲ್ಲಿ ಸಿನಿಮಾಕ್ಕೆ, ಮಾಲಿಗೆ ಹೋಗಲು ಎರಡು ಡೋಸ್ ಬೇಕೆಂದರು. ಮಕ್ಕಳನ್ನು ಶಾಲೆಗೆ ಕಳಿಸಬೇಕಾದರೆ ತಂದೆತಾಯಿಗೆ ಎರಡು ಡೋಸ್ ಆಗಿರಬೇಕೆಂದರು. ಮಾಲಿನ ಮಾತು ನಮ್ಮ ಕಡೆಯವರಿಗೆ ದೂರದ್ದು, ಶಾಲೆಯ ಮಾತು ಹಾಗಲ್ಲ. ತೋಳು ಹಿಡಿಯದೆ ಕೈ ತಿರುಗಿಸುವ ದಾರಿಗಳಿವು. ಲಸಿಕೆ ಹಾಕಿಸಿಕೊಳ್ಳಬೇಕು ಎನ್ನುವವನೇ ನಾನು. ಸಾಲಿನಲ್ಲಿ ನಿಂತು ಹಾಕಿಸಿಕೊಂಡೆ, ಮನೆಯವರಿಗೆಲ್ಲ ಹಾಕಿಸಿದೆ. ಆದರೆ ಹೆದರಿಸಿದಾಗ ಜನ ಏನು ಮಾಡಿದರು ಎಂಬುದನ್ನೂ ನೋಡಿದ್ದೇನೆ. ಲಸಿಕೆಯ ಜೀಪು ಬಂತೆಂದರೆ ಲೈನಿನ, ಅಂದರೆ ಕೂಲಿಕಾರರ ಸಾಲುಮನೆಗಳ, ಅರ್ಧ ಜನ ತೋಟದ ಒಳಗೆ ಮರೆಯಾಗುತ್ತಿದ್ದರು. ಒಂದು ಸಂಜೆ ಬಟವಾಡೆಯ ಹೊತ್ತಿಗೆ ಬಂದ ನರ್ಸಮ್ಮ ಜೀಪಿನಿಂದಿಳಿದು, ಲೈನಿನ ಜಗುಲಿಯಲ್ಲಿ ಕುಳಿತು, ತಮಗೆ ಲಸಿಕೆ ಹಾಕಿದ ರಾತ್ರಿ ಜ್ವರ ಬಂದದ್ದನ್ನು, ತೋಳು ನೋವಾದದ್ದನ್ನು, ಮೂರನೆಯ ದಿನ ಎದ್ದು ಕೆಲಸಕ್ಕೆ ಬಂದದ್ದನ್ನು ಮುಚ್ಚಿಡದೆ ಹೇಳಿದರು. ಅಂದು ಡಬ್ಬಿಯಲ್ಲಿ ತಂದ ಲಸಿಕೆ ಸಾಲಲಿಲ್ಲ. ಮಂಗನ ಕಾಯಿಲೆಯ ಲಸಿಕೆಯ ಪಾಠವೂ ಇದೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಆ ರೋಗಕ್ಕೆ ದಶಕಗಳ ಕಾಲ ಮಲೆನಾಡಿನಲ್ಲಿ ಲಸಿಕೆ ಹಾಕಿದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಮತ್ತೆ ಬೂಸ್ಟರ್, ಪ್ರತಿ ಸಲವೂ ಚುಚ್ಚಿದ ಜಾಗದಲ್ಲಿ ವಿಪರೀತ ನೋವು. ಜನ ಹಿಂದೆ ಸರಿದರು. ಕೊನೆಗೆ ಅದರ ಪರಿಣಾಮವೇ ಸಾಲದೆಂದು ತಿಳಿದು ಹಾಕುವುದನ್ನೇ ನಿಲ್ಲಿಸಿದರು. ಆ ಲಸಿಕೆಯನ್ನು ಕಾನೂನಿನಿಂದ ಕಡ್ಡಾಯ ಮಾಡಿದ್ದರೆ, ಇವತ್ತು ಹೊಸದನ್ನು ತಂದರೂ ಯಾರು ನಂಬುತ್ತಿದ್ದರು?

ಈಗ ರೈಟರ್ ಅವರ ಮೂರನೆಯ ಪ್ರಶ್ನೆ. ಐಸೋಲೇಶನ್, ಕ್ವಾರಂಟೈನ್ ಎಂಬ ಎರಡು ಮಾತನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಒಂದೇ ಅಲ್ಲ. ರೋಗ ಇರುವವನನ್ನು ಬೇರೆ ಇರಿಸುವುದು ಐಸೋಲೇಶನ್. ರೋಗ ಇಲ್ಲದ, ಆದರೆ ತಗುಲಿರಬಹುದು ಎಂಬ ಅನುಮಾನವಿರುವವನನ್ನು ಕಾದು ನೋಡುವುದು ಕ್ವಾರಂಟೈನ್. ನೂರಾರು ವರ್ಷಗಳ ಹಿಂದೆ ವೆನಿಸ್ ಬಂದರಿನಲ್ಲಿ ಹಡಗುಗಳನ್ನು 40 ದಿನ ನಿಲ್ಲಿಸುತ್ತಿದ್ದರು, ಆ ನಲವತ್ತೇ ಈ ಪದದ ಮೂಲ. ಪುಸ್ತಕದಲ್ಲಿ ಸಣ್ಣದೆನಿಸುವ ಈ ವ್ಯತ್ಯಾಸ ಕೂಲಿಕಾರರ ಪಾಲಿಗೆ ಊಟದ ಪ್ರಶ್ನೆ. ಕೊರೊನಾ ಕಾಲದಲ್ಲಿ ಜಾರಿಯಲ್ಲಿದ್ದ 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆ, 5 ಹೆಕ್ಟೇರಿಗೆ ಕಡಿಮೆಯಿಲ್ಲದ, 15 ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಲ್ಲಿ, ಡಾಕ್ಟರು ಸರ್ಟಿಫಿಕೇಟ್ ಕೊಟ್ಟರೆ ಕಾಯಿಲೆ ಭತ್ಯೆ ಕೊಡಬೇಕೆನ್ನುತ್ತಿತ್ತು. ಕ್ವಾರಂಟೈನಿನಲ್ಲಿ ಕೂತವಳಿಗೆ ಕಾಯಿಲೆಯೇ ಇಲ್ಲವಲ್ಲ, ಡಾಕ್ಟರು ಏನೆಂದು ಬರೆದುಕೊಡಬೇಕು? ಇನ್ನು ಐದಾರು ಎಕರೆಯ ತೋಟಗಳಿಗೆ ಆ ಕಾಯ್ದೆಯ ಗಾಳಿಯೂ ಸೋಕುತ್ತಿರಲಿಲ್ಲ. ನಮ್ಮ ಸೀಮೆಯ ತುಂಬ ಇರುವುದು ಅಂಥ ಸಣ್ಣ ತೋಟಗಳೇ, ನನ್ನದೂ ಅದರಲ್ಲೊಂದು. ಲಾಕ್‌ಡೌನ್ ಕಾಲದಲ್ಲಿ ಸಂಬಳ ಕಡಿಯಬಾರದು ಎಂದು ಕೇಂದ್ರ ಗೃಹ ಇಲಾಖೆ ಮಾರ್ಚ್ 29ರಂದು ಆದೇಶಿಸಿತ್ತು ನಿಜ, ಮೇ ನಡುವಿಗೆ ಅದನ್ನೂ ವಾಪಸ್ ಪಡೆಯಿತು.

ಇಂಗ್ಲೆಂಡಿನ ಈಗಿನ ಕಾನೂನಿನಲ್ಲಿ ಒಬ್ಬನನ್ನು ಹೀಗೆ ಕೂಡಿಡಲು ಮ್ಯಾಜಿಸ್ಟ್ರೇಟರ ಆದೇಶ ತರುವ ದಾರಿ ಇದೆ. ಒಂದು ಆದೇಶಕ್ಕೆ 28 ದಿನದ ಮಿತಿ, ಅದನ್ನು ಪ್ರಶ್ನಿಸಿ ಮತ್ತೆ ಕೋರ್ಟಿಗೆ ಹೋಗಬಹುದು. ಬಲವಂತವಾಗಿ ಲಸಿಕೆ ಹಾಕಲು ಮಾತ್ರ ಆ ಕಾನೂನಿನಡಿ ಆದೇಶಿಸುವಂತೆಯೇ ಇಲ್ಲ. ನ್ಯೂಯಾರ್ಕ್ ರಾಜ್ಯ 2020ರ ಮಾರ್ಚಿನಲ್ಲೇ ಕ್ವಾರಂಟೈನ್ ಆದವರ ಸಂಬಳಕ್ಕೆ, ಕೆಲಸಕ್ಕೆ ರಕ್ಷಣೆ ಕೊಡುವ ಕಾನೂನು ಮಾಡಿತು. ನಮ್ಮ 2020ರ ಅಧಿನಿಯಮಕ್ಕೆ ಅಂಥ ಎರಡು ಸಾಲು ಸೇರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೂಡಿಟ್ಟವರ ಕೈಗೆ ಆದೇಶದ ಪ್ರತಿ, ಕೂಡಿಟ್ಟಷ್ಟು ದಿನಕ್ಕೆ ಕನಿಷ್ಠ ಕೂಲಿ. ನಾಲ್ಕು ಜನ ಮಲಗುವ ಒಂದೇ ಕೋಣೆಯ ಲೈನು ಮನೆಯಲ್ಲಿ, ಆರು ಮನೆಗೆ ಒಂದೇ ನಲ್ಲಿ ಇರುವ ಕಡೆ ಹೋಮ್ ಕ್ವಾರಂಟೈನ್ ಎಂದರೆ ಏನು ಎಂಬುದನ್ನೂ ಯಾರಾದರೂ ಬರೆದಿಡಬೇಕು.

2020ರ ಜುಲೈನಲ್ಲಿ, ಸುರಿಯುವ ಮಳೆಯಲ್ಲಿ, ಒಬ್ಬ ಹೆಣ್ಣುಮಗಳು ನನ್ನ ಆಫೀಸಿಗೆ ಬಂದಿದ್ದರು. ಕಾಫಿ ಗಿಡದ ಕಂಬಚಿಗುರು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದವರು. ಹಾಸನದಲ್ಲಿ ನೆಂಟರ ಮನೆಗೆ ಹೋಗಿ ಬಂದದ್ದಕ್ಕೆ ಹದಿನಾಲ್ಕು ದಿನ ಮನೆಯಲ್ಲೇ ಇರಬೇಕಾಯಿತು. ಸೋಂಕು ತಗುಲಿರಲಿಲ್ಲ. ಸೆರಗಿನೊಳಗಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಅವರ ಬಾಗಿಲಿಗೆ ಅಂಟಿಸಿದ್ದ ನೋಟಿಸು ಅದು. ಒಳಗೆ ಬರಬೇಡಿ ಎಂದು ದೊಡ್ಡಕ್ಷರದಲ್ಲಿತ್ತು, ಕೆಳಗೆ ಅವರ ಹೆಸರು, ಎಂದಿನಿಂದ ಎಂದಿನವರೆಗೆ ಎಂಬ ತಾರೀಕು. ಬಿಸಿನೀರು ಹಚ್ಚಿ, ಹರಿಯದಂತೆ ಬಿಡಿಸಿಕೊಂಡು ಬಂದಿದ್ದರು. ಹಿಂಬದಿಯಲ್ಲಿ ಬಾಗಿಲಿನ ನೀಲಿ ಬಣ್ಣದ ಚೂರುಗಳು ಗೋಂದಿಗೆ ಅಂಟಿಕೊಂಡಿದ್ದವು. ಹೀಗೆ ಮನೆಗಳ ಬಾಗಿಲಿಗೆ ಪೋಸ್ಟರ್ ಅಂಟಿಸುವುದನ್ನು ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಮಾಡಬಾರದೆಂದು ಸುಪ್ರೀಂ ಕೋರ್ಟು ಅದೇ ಡಿಸೆಂಬರಿನಲ್ಲಿ ಹೇಳಿತು. ಅವರು ಬಂದದ್ದು ಅದಕ್ಕೆ ಐದು ತಿಂಗಳು ಮೊದಲು. ಅಲ್ಲದೆ ಅವರು ಆ ಅವಮಾನದ ದೂರು ಹೇಳಲು ಬಂದಿರಲಿಲ್ಲ. "ನಾನು ಸುಳ್ಳು ಹೇಳಿ ರಜೆ ಹಾಕಿಲ್ಲ ಅನ್ನೋದಕ್ಕೆ ಇದೊಂದೇ ಸಾ ಇರೋದು" ಎಂದರು.

ಆ ಕಾಗದದ ಜೆರಾಕ್ಸ್ ಮಾಡಿಸಿ, ಒಂದು ಪತ್ರ ಬರೆದುಕೊಟ್ಟೆ. ಮುಂದಿನ ಬಟವಾಡೆಯಲ್ಲಿ ತೋಟದವರು ಹತ್ತು ದಿನದ ಕೂಲಿ ಕೊಟ್ಟರು. ಕೊಡಲೇಬೇಕೆಂಬ ಕಾನೂನು ಇಲ್ಲದಿದ್ದರೂ ಕೊಟ್ಟರು, ಅದನ್ನು ಹೇಳಲೇಬೇಕು. ಆಮೇಲೊಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಆಕೆ ಸಿಕ್ಕರು. ಉಳಿದ ನಾಲ್ಕು ದಿನದ್ದನ್ನು ಯಾವ ಕಲಮಿನಲ್ಲಿ ಕೇಳಬೇಕು ಎಂದು ಕೇಳಿದರು. ಹೇಳಲು ನನ್ನ ಬಳಿ ಕಲಮು ಇರಲಿಲ್ಲ. ಇವತ್ತಿಗೂ ಇಲ್ಲ.